ಮೆಕ್‌ಡೊವೆಲ್ ಕೌಂಟಿಯ ಮಧ್ಯಾಂಕ ಆದಾಯ: ಅಂದಾಜಿನ ಪ್ರಾಮಾಣ್ಯದ ಪ್ರಶ್ನೆ

ಒಂದು ಪ್ರದೇಶದ ಜನರ ಸ್ಥಿತಿಗತಿಯನ್ನು ಒಂದೇ ಅಂಕಿಯಲ್ಲಿ ಹೇಳಿ ಮುಗಿಸುವ ರೂಢಿ ಆಡಳಿತದಲ್ಲಿಯೂ ಅರ್ಥಶಾಸ್ತ್ರದಲ್ಲಿಯೂ ಎಷ್ಟು ಬೇರುಬಿಟ್ಟಿದೆಯೆಂದರೆ, ಆ ಅಂಕಿ ಯಾವ ಬಗೆಯ ಅರಿವು, ಅದನ್ನು ಕಂಡವರು ಯಾರು, ಕಾಣದೆ ಹೇಳಿದ್ದಾದರೆ ಯಾವ ಆಧಾರದ ಮೇಲೆ ಹೇಳಿದರು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಏಳುವುದೇ ಇಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 3,100ಕ್ಕೂ ಹೆಚ್ಚು ಕೌಂಟಿಗಳಿವೆ. ಕೌಂಟಿಯೆಂದರೆ ರಾಜ್ಯದ ಕೆಳಗಿನ ಆಡಳಿತ ಘಟಕ. ಸ್ಥಾನದಲ್ಲಿ ಅದು ಭಾರತದ ಜಿಲ್ಲೆಯನ್ನು ಹೋಲಿದರೂ ಜನಸಂಖ್ಯೆಯಲ್ಲಿ ಎಷ್ಟೋ ವೇಳೆ ಒಂದು ಹೋಬಳಿಗಿಂತ ಚಿಕ್ಕದು. ಈ ಪ್ರತಿಯೊಂದು ಕೌಂಟಿಯ ಮನೆಗಳ ಮಧ್ಯಾಂಕ ಆದಾಯವನ್ನೂ ಅಲ್ಲಿನ ಜನಗಣತಿ ಬ್ಯೂರೋ ವರ್ಷಕ್ಕೊಮ್ಮೆ ಅಂದಾಜು ಮಾಡಿ ಪ್ರಕಟಿಸುತ್ತದೆ. ಮನೆಗಳನ್ನೆಲ್ಲ ಆದಾಯದ ಏರಿಕೆಯ ಕ್ರಮದಲ್ಲಿ ಸಾಲಾಗಿ ಇರಿಸಿದರೆ ನಟ್ಟನಡುವೆ ಬರುವ ಮನೆಯ ಆದಾಯವೇ ಮಧ್ಯಾಂಕ. ಸರಾಸರಿಯಾದರೆ ಒಬ್ಬ ಕೋಟ್ಯಧಿಪತಿ ಬಂದು ನೆಲೆಸಿದರೂ ಜಿಗಿದುಬಿಡುತ್ತದೆ, ಮಧ್ಯಾಂಕ ಅಷ್ಟು ಸುಲಭವಾಗಿ ಅಲುಗುವುದಿಲ್ಲ, ಆದ್ದರಿಂದಲೇ ಆದಾಯದ ಮಾತು ಬಂದಾಗ ಸರಾಸರಿಗಿಂತ ಇದಕ್ಕೆ ಮನ್ನಣೆ ಹೆಚ್ಚು. ಆದರೆ 2020ರ ಗಣತಿಯಲ್ಲಿ ಕೇವಲ 64 ಜನರಿದ್ದ ಟೆಕ್ಸಾಸಿನ ಲವಿಂಗ್ ಕೌಂಟಿಯಂಥ ಕಡೆ ನಡುವಿನ ಮನೆಯೆಂಬುದೊಂದು ಸ್ಥಿರವಾದ ಸಂಗತಿಯೇ ಅಥವಾ ಎರಡು ಮನೆ ಖಾಲಿಯಾದರೆ ಬದಲಾಗುವ ಆಕಸ್ಮಿಕವೇ ಎಂಬ ಸಂದೇಹ ಸಹಜ. ಆ ಸಂದೇಹವನ್ನು ಹಿಡಿದು ಮುಂದೆ ಹೋದರೆ ಪ್ರಮಾಣಶಾಸ್ತ್ರದ ಹಳೆಯ ಪ್ರಶ್ನೆಗಳೇ ಎದುರಾಗುತ್ತವೆ.

ಈ ಪರಿಶೀಲನೆಗೆ ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣ ತುದಿಯ ಮೆಕ್‌ಡೊವೆಲ್ ಕೌಂಟಿ ತಕ್ಕ ಉದಾಹರಣೆ. 1858ರಲ್ಲಿ, ಆ ಸೀಮೆ ಇನ್ನೂ ವರ್ಜೀನಿಯಾ ರಾಜ್ಯದ ಭಾಗವಾಗಿದ್ದಾಗ, ರಚನೆಗೊಂಡ ಈ ಕೌಂಟಿ ಅಪಲೇಶಿಯನ್ ಬೆಟ್ಟಗಳ ಕಡಿದಾದ ಕಣಿವೆಗಳಲ್ಲಿದೆ. ರೈಲುದಾರಿ ಬಂದ ಮೇಲೆ ಪೊಕಹಾಂಟಸ್ ಕಲ್ಲಿದ್ದಲ ಸೀಮೆಯ ದೊಡ್ಡ ಗಣಿಗಾರಿಕೆ ಅಲ್ಲಿ ಬೆಳೆಯಿತು, ಕಂಪನಿಗಳೇ ಊರು ಕಟ್ಟಿದವು, ಕಂಪನಿಗಳೇ ಅಂಗಡಿ ಇಟ್ಟವು. 1950ರ ಗಣತಿಯಲ್ಲಿ ಜನಸಂಖ್ಯೆ 98,887ಕ್ಕೆ ಮುಟ್ಟಿತು. ಅಲ್ಲಿಂದ ಮುಂದೆ ಗಣಿಯೊಳಗೆ ಯಂತ್ರಗಳು ಇಳಿದಂತೆ ಆಳುಗಳು ಬೇಡವಾದರು. 1980ರ ಹೊತ್ತಿಗೆ ಉಳಿದವರು 49,899. ಅದೇ ದಶಕದಲ್ಲಿ ಯು.ಎಸ್. ಸ್ಟೀಲ್ ಕಂಪನಿ ಗ್ಯಾರಿ ಎಂಬಲ್ಲಿದ್ದ ತನ್ನ ಗಣಿಗಳನ್ನು ಮುಚ್ಚಿದ ಮೇಲೆ 1990ರಲ್ಲಿ ಜನಸಂಖ್ಯೆ 35,233ಕ್ಕೆ ಇಳಿಯಿತು, 2020ರಲ್ಲಿ 19,111ಕ್ಕೆ. ದೇಶದ ಮಧ್ಯಾಂಕದ ಜೊತೆಯಲ್ಲಿಟ್ಟು ನೋಡಿದರೆ ಈ ಕೌಂಟಿಯ ಮಧ್ಯಾಂಕ ಬಹಳ ಕೆಳಗೆ ನಿಲ್ಲುತ್ತದೆಂಬುದರಲ್ಲಿ ವಿವಾದವಿಲ್ಲ. ಅದು ಎಷ್ಟು, ಮತ್ತು ಕಾಲಾಂತರದಲ್ಲಿ ಹೇಗೆ ಬದಲಾಯಿತು ಎನ್ನುವಲ್ಲಿಯೇ ತೊಡಕು.

ಭಾರತೀಯ ತರ್ಕಶಾಸ್ತ್ರ ಅರಿವಿನ ಸಾಧನಗಳನ್ನು ಪ್ರಮಾಣಗಳೆಂದು ಕರೆಯುತ್ತದೆ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ, ಕಂಡದ್ದರಿಂದ ಕಾಣದ್ದನ್ನು ಊಹಿಸಿದ್ದು ಅನುಮಾನ, ನಂಬಲರ್ಹನಾದವನ ಮಾತಿನಿಂದ ತಿಳಿದದ್ದು ಶಬ್ದ. ಆದಾಯದ ಸಮೀಕ್ಷೆಯನ್ನು ಸಂಖ್ಯಾಶಾಸ್ತ್ರಜ್ಞರು ನೇರ ಅಂದಾಜು ಎನ್ನುತ್ತಾರೆ. ಆ ಹೆಸರು ಕೇಳಿದರೆ ಅದು ಪ್ರತ್ಯಕ್ಷವೆಂಬ ಭ್ರಮೆ ಮೂಡುತ್ತದೆ. ವಾಸ್ತವದಲ್ಲಿ ಮನೆಯೊಂದರ ಆದಾಯವನ್ನು ಯಾವ ಗಣತಿದಾರನೂ ಕಾಣುವುದಿಲ್ಲ. ಮನೆಯ ಒಬ್ಬ ಸದಸ್ಯ ತನ್ನ ಮತ್ತು ಉಳಿದವರ ಕಳೆದ 12 ತಿಂಗಳ ಗಳಿಕೆಯನ್ನು ನೆನಪಿನಿಂದ ಹೇಳುತ್ತಾನೆ, ಅವನ ಮಾತೇ ಆಧಾರ. ಆದ್ದರಿಂದ ಸಮೀಕ್ಷೆಯ ತಳಹದಿ ಶಬ್ದಪ್ರಮಾಣವೇ, ಮತ್ತು ಶಬ್ದಕ್ಕೆ ಶಾಸ್ತ್ರಕಾರರು ವಿಧಿಸಿದ ಷರತ್ತುಗಳು, ಎಂದರೆ ಹೇಳುವವನಿಗೆ ವಿಷಯ ತಿಳಿದಿರಬೇಕು, ಇದ್ದದ್ದನ್ನು ಇದ್ದಂತೆ ಹೇಳುವ ಮನಸ್ಸಿರಬೇಕು ಎಂಬುವು, ಇಲ್ಲಿಯೂ ಅನ್ವಯಿಸುತ್ತವೆ. ಅಮೆರಿಕದ ಗಣತಿಯಲ್ಲಿ ಆದಾಯವನ್ನು ಮೊದಲು ಕೇಳಿದ್ದು 1940ರಲ್ಲಿ. ಆಗ ಕೇಳಿದ್ದು ಕೂಲಿ ಮತ್ತು ಸಂಬಳವನ್ನು ಮಾತ್ರ; 5,000 ಡಾಲರ್ ಮೀರಿದ್ದರೆ ಮೀರಿದೆ ಎಂದಷ್ಟೇ ಬರೆದುಕೊಳ್ಳುತ್ತಿದ್ದರು, ಬೇರೆ ಮೂಲಗಳಿಂದ 50 ಡಾಲರ್ ಅಥವಾ ಹೆಚ್ಚು ಬಂದಿತೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಾಕಿತ್ತು. ಅಷ್ಟಕ್ಕೇ ನ್ಯೂ ಹ್ಯಾಂಪ್‌ಶೈರ್‌ನ ಸೆನೆಟರ್ ಚಾರ್ಲ್ಸ್ ಟೋಬಿ ಸರ್ಕಾರ ಮನೆಯೊಳಗೆ ಇಣುಕುತ್ತಿದೆಯೆಂದು ಪ್ರತಿಭಟಿಸಿದ. ಗಣತಿದಾರನ ಎದುರು ಬಾಯಿಬಿಟ್ಟು ಹೇಳಲು ಇಷ್ಟವಿಲ್ಲದವರು ಚೀಟಿಯಲ್ಲಿ ಬರೆದು ಲಕೋಟೆ ಅಂಟಿಸಿ ಕಳಿಸಬಹುದೆಂಬ ಏರ್ಪಾಟನ್ನು ಬ್ಯೂರೋ ಮಾಡಬೇಕಾಯಿತು.

ಮುಂದಿನ ಗಣತಿಗಳಲ್ಲಿ ಎಲ್ಲ ಮೂಲಗಳ ಆದಾಯವನ್ನೂ ಕೇಳತೊಡಗಿದರು, ಆದರೆ ಎಲ್ಲರನ್ನೂ ಕೇಳಲಿಲ್ಲ. 2000ದ ಗಣತಿಯಲ್ಲಿ ಸುಮಾರು ಆರು ಮನೆಗಳಲ್ಲಿ ಒಂದಕ್ಕೆ ಉದ್ದನೆಯ ಪ್ರಶ್ನಾವಳಿ ಹೋಗುತ್ತಿತ್ತು. ಹೀಗೆ ಕೆಲವನ್ನು ಆರಿಸಿ ಕೇಳಿ ಎಲ್ಲವನ್ನೂ ಕುರಿತು ಹೇಳುವುದಕ್ಕೆ ಸ್ಯಾಂಪಲ್ ಎಂದು ಹೆಸರು. ಹಳೆಯ ಪಟ್ಟಿಗಳಲ್ಲಿ ಕುಟುಂಬದ ಆದಾಯಕ್ಕೆ, ಎಂದರೆ ರಕ್ತಸಂಬಂಧ, ಮದುವೆ ಅಥವಾ ದತ್ತಕದಿಂದ ಕೂಡಿದ ಇಬ್ಬರು ಅಥವಾ ಹೆಚ್ಚು ಮಂದಿಯ ಗುಂಪಿನ ಆದಾಯಕ್ಕೆ ಪ್ರಾಧಾನ್ಯವಿತ್ತು. ಈಚಿನ ಪಟ್ಟಿಗಳು ಒಂಟಿಯಾಗಿ ಇರುವವರನ್ನೂ ಸೇರಿಸಿಕೊಂಡು ಮನೆಯನ್ನೇ ಘಟಕವಾಗಿ ಎಣಿಸುತ್ತವೆ. ಮುದುಕಿಯೊಬ್ಬಳು ಒಂಟಿಯಾಗಿ ಪಿಂಚಣಿಯಲ್ಲಿ ಬದುಕುವ ಮನೆಗಳು ಹೆಚ್ಚುತ್ತ ಹೋದ ಮೆಕ್‌ಡೊವೆಲ್‌ನಂಥ ಕಡೆ ಈ ಎರಡು ಘಟಕಗಳ ಮಧ್ಯಾಂಕಗಳು ಬೇರೆಬೇರೆ ದಾರಿ ಹಿಡಿಯುತ್ತವೆ, ಆದ್ದರಿಂದ ಹಳೆಯ ಪಟ್ಟಿಯ ಒಂದು ಅಂಕಿಯನ್ನು ಹೊಸ ಪಟ್ಟಿಯ ಪಕ್ಕದಲ್ಲಿ ಇಟ್ಟುಬಿಟ್ಟರೆ ಹೋಲಿಕೆ ಆಗಲೇ ಕೆಟ್ಟಿರುತ್ತದೆ. ಕೇಳುವ ಬಗೆಯೂ ಉತ್ತರವನ್ನು ಬದಲಿಸುತ್ತದೆ. 2023ರಲ್ಲಿ ಇಡೀ ದೇಶದ ಮನೆಗಳ ಮಧ್ಯಾಂಕ ಆದಾಯ ಬ್ಯೂರೋದ ಒಂದು ಸಮೀಕ್ಷೆಯ ಪ್ರಕಾರ 80,610 ಡಾಲರ್, ಅದೇ ಬ್ಯೂರೋದ ಇನ್ನೊಂದು ಸಮೀಕ್ಷೆಯ ಪ್ರಕಾರ 77,719 ಡಾಲರ್. ಮೊದಲನೆಯದು ಕ್ಯಾಲೆಂಡರ್ ವರ್ಷದ ಆದಾಯವನ್ನು ಮೂಲವೊಂದೊಂದನ್ನೂ ಬಿಡಿಸಿ ಕೇಳುತ್ತದೆ, ಎರಡನೆಯದು ಎಂಟು ಬಗೆಗಳಲ್ಲಿ ಮುಗಿಸುತ್ತದೆ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಕೋಟಿಗಟ್ಟಲೆ ಮನೆಗಳಿರುವ ದೇಶದ ಮಟ್ಟದಲ್ಲಿಯೇ ಇಷ್ಟು ಅಂತರ ಕಾಣುವಾಗ, ಕೆಲವೇ ಸಾವಿರ ಮನೆಗಳ ಕೌಂಟಿಯಲ್ಲಿ ಒಂದೇ ನಿಜವಾದ ಅಂಕಿಯನ್ನು ಹುಡುಕುವವನು ತನ್ನ ಪ್ರಶ್ನೆಯನ್ನೇ ಮೊದಲು ತಿದ್ದಿಕೊಳ್ಳಬೇಕಾಗುತ್ತದೆ.

ಆ ಎರಡನೆಯ ಸಮೀಕ್ಷೆಯ ಹೆಸರು ಅಮೆರಿಕನ್ ಕಮ್ಯುನಿಟಿ ಸರ್ವೆ. 2005ರಿಂದ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿರುವ ಇದು ತಿಂಗಳು ತಿಂಗಳೂ ಬೇರೆಬೇರೆ ವಿಳಾಸಗಳನ್ನು ಆರಿಸಿ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳನ್ನು ತಲುಪುತ್ತದೆ. 65,000 ಅಥವಾ ಹೆಚ್ಚು ಜನರಿರುವ ಪ್ರದೇಶಗಳಿಗೆ ಒಂದೊಂದು ವರ್ಷದ ಅಂಕಿಯೇ ಸಿಗುತ್ತದೆ. ಮೆಕ್‌ಡೊವೆಲ್‌ನಂಥ ಚಿಕ್ಕ ಕೌಂಟಿಗಳಿಗೆ ಒಂದು ವರ್ಷದ ಉತ್ತರಗಳು ಸಾಲವೆಂದು ಐದು ವರ್ಷಗಳ ಉತ್ತರಗಳನ್ನು ಒಟ್ಟುಗೂಡಿಸುತ್ತಾರೆ. ಈ ಐದು ವರ್ಷದ ಅಂಕಿಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. 2015ರಿಂದ 2019ರವರೆಗಿನ ಅವಧಿಯನ್ನೇ ತೆಗೆದುಕೊಂಡರೆ, 2015ರ ಜನವರಿಯಲ್ಲಿ ಉತ್ತರಿಸಿದ ಮನೆ 2014ರ ಜನವರಿಯಿಂದ ಡಿಸೆಂಬರ್‌ವರೆಗಿನ ಆದಾಯವನ್ನು ಹೇಳುತ್ತದೆ. 2019ರ ಡಿಸೆಂಬರಿನಲ್ಲಿ ಉತ್ತರಿಸಿದ ಮನೆ 2018ರ ಡಿಸೆಂಬರಿನಿಂದ 2019ರ ನವೆಂಬರ್‌ವರೆಗಿನದನ್ನು ಹೇಳುತ್ತದೆ. ಹೀಗೆ ಒಟ್ಟು 71 ತಿಂಗಳುಗಳಲ್ಲಿ ಹರಡಿದ ಆದಾಯಗಳನ್ನು ದೇಶದ ಬೆಲೆ ಸೂಚ್ಯಂಕದಿಂದ ಗುಣಿಸಿ 2019ರ ಡಾಲರಿಗೆ ತಂದು, ಎಲ್ಲವೂ ಒಂದೇ ಕಾಲದಲ್ಲಿದ್ದವೆಂಬಂತೆ ಸಾಲಾಗಿ ಇರಿಸಿ, ನಡುವಿನದನ್ನು ಆರಿಸುತ್ತಾರೆ. ಆ ನಡುವಿನ ಬೆಲೆಯೂ ಆದಾಯದ ಮಜಲುಗಳ ಒಳಗೆ ಲೆಕ್ಕಹಾಕಿ ಹಿಡಿದದ್ದೇ ಹೊರತು ಯಾವುದೋ ಒಂದು ಮನೆಯ ಆದಾಯವಾಗಿರಬೇಕೆಂದೇನೂ ಇಲ್ಲ. ಯಾರೂ ಒಟ್ಟಾಗಿ ಬದುಕದ ಒಂದು ಕಾಲ, ಎಲ್ಲಿಯೂ ಇರದಿರಬಹುದಾದ ಒಂದು ಮನೆ, ಇವೆರಡರ ಕೂಡಿಕೆಯಿಂದ ಈ ಅಂಕಿ ಹುಟ್ಟುತ್ತದೆ. ಇದರಿಂದ ಅಂಕಿ ಸುಳ್ಳಾಗುವುದಿಲ್ಲ, ಆದರೆ ಅದು ವಸ್ತುವಿನ ವರ್ಣನೆಯಾಗಿರುವುದಕ್ಕಿಂತ ಹೆಚ್ಚಾಗಿ ಒಂದು ಕ್ರಿಯಾವಿಧಿಯ ಫಲವೆಂಬುದು ಸ್ಪಷ್ಟವಾಗುತ್ತದೆ. ಒಂದರ ಮೇಲೊಂದು ಬೀಳುವ ಅವಧಿಗಳನ್ನು, ಉದಾಹರಣೆಗೆ 2014ರಿಂದ 2018 ಮತ್ತು 2015ರಿಂದ 2019, ಹೋಲಿಸಬೇಡಿರೆಂದು ಬ್ಯೂರೋ ತಾನೇ ಸಲಹೆ ಕೊಡುವುದು ಇದಕ್ಕಾಗಿಯೇ, ಏಕೆಂದರೆ ಅಲ್ಲಿ ಐದರಲ್ಲಿ ನಾಲ್ಕು ವರ್ಷಗಳ ಉತ್ತರಗಳು ಎರಡೂ ಕಡೆ ಒಂದೇ.

ಐದು ವರ್ಷ ಕಾಯಲಾಗದ ಆಡಳಿತಕ್ಕೆ ಬೇರೊಂದು ದಾರಿ ಬೇಕಾಯಿತು, ಮತ್ತು ಅದರ ಮೂಲ ಹಣ ಹಂಚಿಕೆಯ ಒಂದು ಕಾನೂನಿನಲ್ಲಿದೆ. 1972ರಲ್ಲಿ ಅಮೆರಿಕದ ಫೆಡರಲ್ ಸರ್ಕಾರ ತನ್ನ ವರಮಾನದ ಒಂದು ಭಾಗವನ್ನು ಸ್ಥಳೀಯ ಸರ್ಕಾರಗಳಿಗೆ ಹಂಚಲು ತೊಡಗಿದಾಗ, ಪ್ರತಿಯೊಂದು ಊರಿನ ತಲಾ ಆದಾಯವೂ ಲೆಕ್ಕಕ್ಕೆ ಬೇಕಾಯಿತು. 500ಕ್ಕಿಂತ ಕಡಿಮೆ ಜನರಿರುವ ಊರುಗಳ ಸ್ಯಾಂಪಲ್ ಅಂಕಿಯನ್ನು ನಂಬಲಾಗದೆಂದು ಅವುಗಳಿಗೆ ತಮ್ಮ ತಮ್ಮ ಕೌಂಟಿಯ ಅಂಕಿಯನ್ನೇ ಕೊಟ್ಟುಬಿಡುತ್ತಿದ್ದರು. ಬಡ ಊರಿಗೂ ಸ್ಥಿತಿವಂತ ಊರಿಗೂ ಒಂದೇ ಅಳತೆ. ಬ್ಯೂರೋದ ರಾಬರ್ಟ್ ಫೇ ಮತ್ತು ರೋಜರ್ ಹೆರಿಯಟ್ 1979ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೊಂದು ಪರಿಹಾರ ತೋರಿಸಿತು. ಊರಿನ ಸ್ವಂತ ಸ್ಯಾಂಪಲ್ ಹೇಳುವುದು ಒಂದು ಅಂಕಿ; ತೆರಿಗೆ ಲೆಕ್ಕ, ಮನೆಗಳ ಬೆಲೆ ಮುಂತಾದವನ್ನು ನೋಡಿ, ಇಂಥ ಲಕ್ಷಣಗಳುಳ್ಳ ಊರುಗಳ ಆದಾಯ ಸಾಮಾನ್ಯವಾಗಿ ಇಷ್ಟಿರುತ್ತದೆಂದು ಗಣಿತ ಮಾದರಿ ಹೇಳುವುದು ಇನ್ನೊಂದು ಅಂಕಿ; ಇವೆರಡನ್ನು ತೂಕಹಾಕಿ ಬೆರೆಸಬೇಕು, ಸ್ಯಾಂಪಲ್ ಎಷ್ಟು ದುರ್ಬಲವೋ ಮಾದರಿಗೆ ಅಷ್ಟು ಹೆಚ್ಚು ತೂಕ ಕೊಡಬೇಕು. ಕೌಂಟಿಗಳ ಮಧ್ಯಾಂಕ ಆದಾಯವನ್ನು ಬ್ಯೂರೋ 1990ರ ದಶಕದಿಂದ ಇದೇ ಬಗೆಯ ವಿಧಾನದಲ್ಲಿ ವರ್ಷವರ್ಷವೂ ಅಂದಾಜು ಮಾಡುತ್ತ ಬಂದಿದೆ. ಸಣ್ಣ ಪ್ರದೇಶಗಳ ಆದಾಯ ಮತ್ತು ಬಡತನದ ಈ ಅಂದಾಜುಗಳ ಮೇಲೆ ಬಡ ಮಕ್ಕಳ ಶಿಕ್ಷಣಕ್ಕೆ ಹೋಗುವ ಫೆಡರಲ್ ನೆರವಿನ ಹಂಚಿಕೆಯೂ ನಿಂತಿದೆ.

ಇಲ್ಲಿ ಅನುಮಾನಪ್ರಮಾಣದ ಕುರಿತ ಹಳೆಯ ವಾದ ಮತ್ತೆ ಜೀವ ತಳೆಯುತ್ತದೆ. ಅನುಮಾನಕ್ಕೆ ವ್ಯಾಪ್ತಿ ಬೇಕು, ಎಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ ಎಂಬಂಥ ತಪ್ಪದ ಸಂಬಂಧ ಬೇಕು. ಪ್ರತ್ಯಕ್ಷವನ್ನಷ್ಟೇ ನಂಬಿದ ಚಾರ್ವಾಕರು ಅನುಮಾನವನ್ನು ಒಪ್ಪದಿದ್ದುದು ಅಂಥ ಸಂಬಂಧವನ್ನು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಯಾರೂ ಪರೀಕ್ಷಿಸಿ ನೋಡಿಲ್ಲವೆಂಬ ಕಾರಣದಿಂದ. ನ್ಯಾಯದರ್ಶನದವರಾದ ನೈಯಾಯಿಕರು ಅನುಮಾನವನ್ನು ಉಳಿಸಿಕೊಂಡರೂ ಅದನ್ನು ಕೆಡಿಸುವ ಉಪಾಧಿಯನ್ನು ಗುರುತಿಸಿದರು. ಉಪಾಧಿಯೆಂದರೆ ಸಂಬಂಧದ ಹಿಂದೆ ಅಡಗಿರುವ ಷರತ್ತು: ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಆದರೆ ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಏಕೆಂದರೆ ಹಸಿ ಸೌದೆಯಿದ್ದಾಗ ಮಾತ್ರ ಬೆಂಕಿ ಹೊಗೆಯಾಡುತ್ತದೆ. ತೆರಿಗೆ ಲೆಕ್ಕದಿಂದ ಮನೆಯ ಆದಾಯವನ್ನು ಊಹಿಸುವುದಕ್ಕೂ ಇಂಥದೊಂದು ಹಸಿ ಸೌದೆ ಬೇಕು: ಆದಾಯದ ಬಹುಪಾಲು ತೆರಿಗೆಗೆ ಒಳಪಟ್ಟದ್ದಾಗಿರಬೇಕು, ಜನ ಲೆಕ್ಕ ಸಲ್ಲಿಸುವವರಾಗಿರಬೇಕು. ಮೆಕ್‌ಡೊವೆಲ್‌ನಲ್ಲಿ ಗಣಿಯ ದೂಳಿನಿಂದ ಶ್ವಾಸಕೋಶ ಕೆಟ್ಟವರಿಗೆ ಬರುವ ಪರಿಹಾರಧನವಿದೆ, ಅಂಗವಿಕಲರ ನೆರವಿದೆ, ವೃದ್ಧರ ಸಾಮಾಜಿಕ ಭದ್ರತಾ ವೇತನವಿದೆ. ಶ್ವಾಸಕೋಶ ರೋಗಿಯ ಪರಿಹಾರಕ್ಕೆ ಫೆಡರಲ್ ತೆರಿಗೆಯೇ ಇಲ್ಲ. ಸಾಮಾಜಿಕ ಭದ್ರತಾ ವೇತನವೊಂದರಿಂದಲೇ ಬದುಕುವವರು ಸಾಮಾನ್ಯವಾಗಿ ಲೆಕ್ಕ ಸಲ್ಲಿಸಬೇಕಾಗಿಲ್ಲ. ಸಮೀಕ್ಷೆಯಲ್ಲಿ ಇವೆಲ್ಲ ಆದಾಯವೇ, ತೆರಿಗೆ ಕಡತದಲ್ಲಿ ಇವುಗಳಲ್ಲಿ ಹೆಚ್ಚಿನವು ಕಾಣುವುದಿಲ್ಲ. ಎಲ್ಲ ಕೌಂಟಿಗಳಿಗೂ ಹೊಂದುವಂತೆ ಹಾಕಿದ ಸೂತ್ರ ಇಂಥ ಕಡೆ ಜಾರುವ ಸಂಭವ ಹೆಚ್ಚು. ಸರ್ಕಾರಿ ನೆರವಿನ ಪಾಲು ಮುಂತಾದ ಬೇರೆ ಸುಳಿವುಗಳನ್ನು ಸೇರಿಸಿಕೊಂಡು ಈ ದೋಷವನ್ನು ತಗ್ಗಿಸಬಹುದು, ತಗ್ಗಿಸುವ ಯತ್ನವೂ ನಡೆದಿದೆ. ಆದರೆ ಯಾವ ಉಪಾಧಿಯೂ ಉಳಿದಿಲ್ಲವೆಂದು ಸಾಧಿಸುವುದು ನ್ಯಾಯಶಾಸ್ತ್ರದಲ್ಲಿ ಎಷ್ಟು ಕಷ್ಟವೋ ಸಂಖ್ಯಾಶಾಸ್ತ್ರದಲ್ಲಿಯೂ ಅಷ್ಟೇ ಕಷ್ಟ.

ಪ್ರಾಮಾಣ್ಯದ ಪ್ರಶ್ನೆಗಿಂತ ಗಂಭೀರವಾದದ್ದು ನ್ಯಾಯದ ಪ್ರಶ್ನೆ. ಅದು ಏಳುವ ಬಗೆಯನ್ನು ಕಾಣಲು ಅಂದಾಜಿನ ಗಣಿತಕ್ಕೆ ಬರಬೇಕು. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1945ರಲ್ಲಿ ಪ್ರಕಟಿಸಿದ, ಸ್ವೀಡನ್ನಿನ ಹೆರಾಲ್ಡ್ ಕ್ರಾಮೆರ್ ಕೂಡ ಸ್ವತಂತ್ರವಾಗಿ ತಲುಪಿದ ಒಂದು ಪ್ರಮೇಯ, ಪಕ್ಷಪಾತವಿಲ್ಲದ ಅಂದಾಜು ಎಷ್ಟೇ ಜಾಣತನದ್ದಾದರೂ ಅದರ ಏರುಪೇರು ಒಂದು ಮಿತಿಗಿಂತ ಕೆಳಗಿಳಿಯಲಾರದೆಂದು ತೋರಿಸಿತು. ಪಕ್ಷಪಾತವಿಲ್ಲದ್ದು ಎಂದರೆ ಮತ್ತೆ ಮತ್ತೆ ಅಂದಾಜು ಮಾಡಿದಾಗ ತಪ್ಪುಗಳು ಮೇಲಕ್ಕೂ ಕೆಳಕ್ಕೂ ಸಮವಾಗಿ ಬಿದ್ದು ಸರಾಸರಿಯಲ್ಲಿ ನಿಜವಾದ ಬೆಲೆಗೇ ಬಂದು ನಿಲ್ಲುವಂಥದು. ಈ ಮಿತಿಯನ್ನು ದಾಟಬೇಕೆನ್ನುವವರು ಪಕ್ಷಪಾತವನ್ನು ಒಪ್ಪಿಕೊಳ್ಳಲೇಬೇಕು. ಚಾರ್ಲ್ಸ್ ಸ್ಟೈನ್ 1956ರಲ್ಲಿ, ಮತ್ತು ವಿಲರ್ಡ್ ಜೇಮ್ಸ್ ಜೊತೆಗೂಡಿ 1961ರಲ್ಲಿ, ಇದರಿಂದಾಗುವ ಲಾಭವನ್ನು ಗಣಿತಕಾರರೇ ಬೆರಗಾಗುವಂತೆ ತೋರಿಸಿದರು: ಮೂರು ಅಥವಾ ಹೆಚ್ಚು ಪರಿಮಾಣಗಳನ್ನು ಏಕಕಾಲಕ್ಕೆ ಅಂದಾಜು ಮಾಡುವಾಗ, ಪ್ರತಿಯೊಂದರ ಸ್ವಂತ ಅಂಕಿಯನ್ನು ಒಂದು ಸಮಾನ ಕೇಂದ್ರದ ಕಡೆಗೆ ಸ್ವಲ್ಪ ಎಳೆದರೆ ತಪ್ಪುಗಳ ಒಟ್ಟು ಮೊತ್ತ ನಿರೀಕ್ಷೆಯಲ್ಲಿ ಯಾವಾಗಲೂ ಕಡಿಮೆಯಾಗುತ್ತದೆ. ಫೇ ಮತ್ತು ಹೆರಿಯಟ್ ಅವರ ವಿಧಾನ ಇದರ ಸಂತತಿ. ಇಲ್ಲಿ ಕಡಿಮೆಯಾಗುವುದು ಒಟ್ಟು ಮೊತ್ತ ಎಂಬುದನ್ನು ಮರೆಯುವಂತಿಲ್ಲ. ಮೂರು ಸಾವಿರ ಕೌಂಟಿಗಳ ಒಟ್ಟು ತಪ್ಪು ತಗ್ಗಿದರೂ, ಉಳಿದವುಗಳಂತೆ ಇಲ್ಲದ ಒಂದು ಕೌಂಟಿಯ ಅಂದಾಜು ಮೊದಲಿಗಿಂತ ಕೆಡಬಹುದು. ತನ್ನಂತೆ ಕಾಣುವ ಇತರರ ಸ್ಥಿತಿಯನ್ನು ನೋಡಿ ತನ್ನ ಸ್ಥಿತಿಯನ್ನು ತೀರ್ಮಾನಿಸಿದರೆಂಬ ದೂರು ಆ ಕೌಂಟಿಗೆ ಇದ್ದೇ ಇರುತ್ತದೆ. ಬಹುಜನರ ಹಿತಕ್ಕಾಗಿ ಒಬ್ಬನಿಗೆ ಆಗುವ ಅನ್ಯಾಯವನ್ನು ಒಪ್ಪಬಹುದೇ ಎಂಬ ಧರ್ಮಜಿಜ್ಞಾಸೆ ಹೀಗೆ ಒಂದು ಸೂತ್ರದ ಒಳಗೆ ಬಂದು ಕುಳಿತಿದೆ.

ಫೇ ಮತ್ತು ಹೆರಿಯಟ್ ಈ ತೊಡಕನ್ನು ಕಂಡಿದ್ದರು. ಬೆರೆಸಿದ ಅಂದಾಜು ಊರಿನ ಸ್ವಂತ ಸ್ಯಾಂಪಲ್ ಅಂಕಿಯಿಂದ ಒಂದು ಪ್ರಮಾಣಿತ ದೋಷಕ್ಕಿಂತ, ಎಂದರೆ ಸ್ಯಾಂಪಲಿನಲ್ಲಿ ಸಹಜವಾಗಿ ಬರಬಹುದಾದ ಏರುಪೇರಿನ ಒಂದು ಅಳತೆಗಿಂತ ದೂರ ಹೋಗಕೂಡದೆಂದು ಅವರು ಕಟ್ಟು ಹಾಕಿದರು. ಒಟ್ಟು ಲಾಭದಲ್ಲಿ ಕೊಂಚವನ್ನು ಬಿಟ್ಟುಕೊಟ್ಟು ಒಂದೊಂದು ಊರಿನ ಸ್ವಂತ ಮಾತಿಗೂ ಬೆಲೆ ಕೊಟ್ಟರು. ಈ ಕಟ್ಟನ್ನು ಗಣಿತದ ಅನುಕೂಲವೆಂದು ಓದುವವರುಂಟು. ಅದನ್ನು ನೀತಿಯ ನಿರ್ಧಾರವೆಂದು ಓದುವುದೇ ಹೆಚ್ಚು ಸರಿ, ಏಕೆಂದರೆ ಕಟ್ಟು ಒಂದು ಪ್ರಮಾಣಿತ ದೋಷದಲ್ಲಿ ನಿಲ್ಲಬೇಕೇ ಎರಡರಲ್ಲಿ ನಿಲ್ಲಬೇಕೇ ಎಂಬುದನ್ನು ಯಾವ ಪ್ರಮೇಯವೂ ಹೇಳುವುದಿಲ್ಲ.

ಇನ್ನು ಎಣಿಕೆಗೆ ಬರದ ಆದಾಯದ ಮಾತು. ಬ್ಯೂರೋದ ಲೆಕ್ಕದಲ್ಲಿ ಆದಾಯವೆಂದರೆ ಕೈಗೆ ಬಂದ ಹಣ; ಸರ್ಕಾರ ಕೊಡುವ ಆಹಾರದ ನೆರವು, ಹಿತ್ತಲಿನ ತರಕಾರಿ, ಬೇಟೆಯಾಡಿ ತಂದ ಜಿಂಕೆ, ಬಂಧುಗಳು ಬಿಟ್ಟಿಯಾಗಿ ನೋಡಿಕೊಳ್ಳುವ ಕೂಸು ಯಾವುದೂ ಅದರೊಳಗಿಲ್ಲ. ಅಮೆರಿಕದ ಇಂದಿನ ಆಹಾರ ನೆರವಿನ ಯೋಜನೆಯ ಮೊದಲ ಕೂಪನ್ನುಗಳು ಹೋದದ್ದು ಮೆಕ್‌ಡೊವೆಲ್ ಕೌಂಟಿಗೇ ಎಂಬುದು ಇಲ್ಲಿ ಗಮನಾರ್ಹ: 1961ರ ಮೇ 29ರಂದು, ಕೌಂಟಿಯ ಕೇಂದ್ರವಾದ ವೆಲ್ಚ್ ಪಟ್ಟಣದಲ್ಲಿ, 13 ಮಕ್ಕಳಿದ್ದ ಒಬ್ಬ ನಿರುದ್ಯೋಗಿ ಗಣಿ ಕಾರ್ಮಿಕನ ಮನೆಗೆ 95 ಡಾಲರ್ ಬೆಲೆಯ ಕೂಪನ್ನುಗಳು ದೊರೆತವು. ಅಂಥ ಮನೆ ಇಂದಿನ ಸಮೀಕ್ಷೆಗೆ ಸಿಕ್ಕಿದರೆ ಆ ಕೂಪನ್ನುಗಳನ್ನು ಆದಾಯಕ್ಕೆ ಸೇರಿಸುವುದಿಲ್ಲ. ಹದಿನೈದು ಹೊಟ್ಟೆಗಳ ಆ ಮನೆ ಮಧ್ಯಾಂಕದ ಸಾಲಿನಲ್ಲಿ ಪಡೆಯುವುದು ಒಂಟಿ ವಿಧವೆಯ ಮನೆ ಪಡೆಯುವಷ್ಟೇ ಜಾಗ. ಆದರೆ ಆಹಾರದ ನೆರವು ಪಡೆದವರ ಸಂಖ್ಯೆಯನ್ನು ಬ್ಯೂರೋ ಬಿಟ್ಟಿಲ್ಲ. ಸಣ್ಣ ಪ್ರದೇಶಗಳ ಅಂದಾಜಿನ ಯೋಜನೆಯಡಿ ಕೌಂಟಿಯ ಬಡವರ ಸಂಖ್ಯೆಯನ್ನು ಅಂದಾಜು ಮಾಡುವಾಗ ಅದನ್ನು ಒಂದು ಸುಳಿವಾಗಿ ಬಳಸುತ್ತದೆ. ಹೊಟ್ಟೆ ತುಂಬಿಸಿದ್ದು ಆದಾಯವಾಗಿ ಎಣಿಕೆಯಾಗದೆ ಬಡತನದ ಲಿಂಗವಾಗಿ, ತರ್ಕಶಾಸ್ತ್ರದ ಅರ್ಥದಲ್ಲಿ ಬೆಂಕಿಯನ್ನು ಸೂಚಿಸುವ ಹೊಗೆಯಾಗಿ ಮಾತ್ರ ಉಳಿಯುತ್ತದೆ. ಕೌಂಟಿಯಲ್ಲಿರುವ ಫೆಡರಲ್ ಸೆರೆಮನೆಯ ಕೈದಿಗಳದು ಇದಕ್ಕೆ ವಿರುದ್ಧವಾದ ಸ್ಥಿತಿ: ಜನಸಂಖ್ಯೆಯ 19,111ರಲ್ಲಿ ಅವರಿದ್ದಾರೆ, ಮನೆಗಳ ಸಾಲಿನಲ್ಲಿ ಅವರಿಲ್ಲ.

ಕಾಲದ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಐದು ಮನೆಗಳ ಒಂದು ಹಳ್ಳಿಯನ್ನು ಊಹಿಸಿಕೊಳ್ಳಬಹುದು. ಆದಾಯಗಳು 20, 30, 40, 50 ಮತ್ತು 60 ಸಾವಿರ ಡಾಲರ್. ಮಧ್ಯಾಂಕ 40 ಸಾವಿರ. ಕೆಳಗಿನ ಎರಡು ಮನೆಯವರು ಕೆಲಸ ಹುಡುಕಿಕೊಂಡು ಬೇರೆ ರಾಜ್ಯಕ್ಕೆ ಹೋದರೆ ಮಧ್ಯಾಂಕ 50 ಸಾವಿರಕ್ಕೆ ಏರುತ್ತದೆ, ಆದರೆ ಯಾರೊಬ್ಬರ ಗಳಿಕೆಯೂ ಒಂದು ಡಾಲರಿನಷ್ಟು ಹೆಚ್ಚಿಲ್ಲ. ಮೇಲಿನ ಇಬ್ಬರು ಹೋದರೆ ಅದೇ ಮಧ್ಯಾಂಕ 30 ಸಾವಿರಕ್ಕೆ ಇಳಿಯುತ್ತದೆ, ಆದರೆ ಯಾರೂ ಏನನ್ನೂ ಕಳೆದುಕೊಂಡಿರುವುದಿಲ್ಲ. ಮೆಕ್‌ಡೊವೆಲ್‌ನಲ್ಲಿ ಈ ಬಗೆಯ ಚಲನೆ ಅರ್ಧ ಶತಮಾನಕ್ಕೂ ಮೀರಿ ನಡೆದಿದೆ. ಯೂನಿಯನ್ ದರದ ಕೂಲಿ ಪಡೆಯುತ್ತಿದ್ದ ಕಾರ್ಮಿಕರು ಗಣಿ ಮುಚ್ಚಿದ ಮೇಲೆ ಹೊರಟುಹೋದರು, ವಯಸ್ಸಾದವರು ಹೆಚ್ಚಾಗಿ ಉಳಿದರು. ಆದ್ದರಿಂದ 1979ರ ಆದಾಯಕ್ಕೂ 1989ರ ಆದಾಯಕ್ಕೂ ನಡುವೆ ಕಾಣುವ ಬದಲಾವಣೆಯಲ್ಲಿ ಎಷ್ಟು ಪಾಲು ಕೂಲಿ ನಿಂತದ್ದರಿಂದ, ಎಷ್ಟು ಪಾಲು ಕೂಲಿಯವರು ಹೋದದ್ದರಿಂದ ಎಂಬುದನ್ನು ಮಧ್ಯಾಂಕವೊಂದೇ ಬಿಡಿಸಿ ಹೇಳಲಾರದು. ಬೆಲೆಯೇರಿಕೆಯನ್ನು ಕಳೆಯುವ ಲೆಕ್ಕವೂ ಇದಕ್ಕೆ ಸೇರಿಕೊಳ್ಳುತ್ತದೆ. ಬಳಸುವ ಸೂಚ್ಯಂಕ ದೇಶದ್ದು, ಕೌಂಟಿಗೆಂದೇ ಬೆಲೆ ಸೂಚ್ಯಂಕ ಇಲ್ಲ, ಹಾಗಾಗಿ ಅಪಲೇಶಿಯನ್ ಕಣಿವೆಯ ಬಾಡಿಗೆಯನ್ನು ದೊಡ್ಡ ನಗರಗಳ ಬಾಡಿಗೆ ಏರಿದ ಪ್ರಮಾಣದಲ್ಲಿಯೇ ಅಳೆದಂತಾಗುತ್ತದೆ.

ಜನ ಬದಲಾದ ಮೇಲೂ ಕೌಂಟಿ ಅದೇ ವಸ್ತುವೇ ಎಂಬುದು ಇಲ್ಲಿ ಏಳುವ ಪ್ರಶ್ನೆ. ಇಡಿಯಾದ ವಸ್ತು ತನ್ನ ಬಿಡಿಭಾಗಗಳಿಗಿಂತ ಬೇರೆಯೇ ಎಂಬ ವಾದದಲ್ಲಿ ನೈಯಾಯಿಕರು ಬೇರೆಯೆಂದೂ ಅದಕ್ಕೆ ಅವಯವಿಯೆಂಬ ಸ್ವತಂತ್ರ ಅಸ್ತಿತ್ವವಿದೆಯೆಂದೂ ಹೇಳಿದರು. ಬೌದ್ಧರು ಬಿಡಿಭಾಗಗಳ ರಾಶಿಯನ್ನು ಬಿಟ್ಟರೆ ಇಡಿಯೆಂಬುದು ಬರಿಯ ಹೆಸರು ಎಂದರು, ಮಿಲಿಂದ ರಾಜನಿಗೆ ನಾಗಸೇನ ರಥದ ಉದಾಹರಣೆಯಿಂದ ತಿಳಿಸಿದ್ದೂ ಅದನ್ನೇ. ಕೌಂಟಿಗೆ ತನ್ನದೇ ಆದ ಆದಾಯದ ಇತಿಹಾಸವಿದೆ ಎನ್ನುವವರಿಗೆ ನೈಯಾಯಿಕರ ಬೆಂಬಲ ಸಿಗಬಹುದೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ನೈಯಾಯಿಕರ ಮತದಲ್ಲಿಯೂ ಒಂದು ಅವಯವ ಕಳಚಿದರೆ ಹಳೆಯ ಅವಯವಿ ನಾಶವಾಗಿ ಹೊಸತೊಂದು ಹುಟ್ಟುತ್ತದೆ. ನೂಲೊಂದನ್ನು ಕಿತ್ತ ಬಟ್ಟೆ ಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಬೇರೆ ಬಟ್ಟೆ. 98,887 ಜನರಿದ್ದ 1950ರ ಮೆಕ್‌ಡೊವೆಲ್ ಮತ್ತು 19,111 ಜನರಿದ್ದ 2020ರ ಮೆಕ್‌ಡೊವೆಲ್ ಒಂದೇ ವಸ್ತುವಲ್ಲವೆಂಬಲ್ಲಿ ಎರಡು ಪಕ್ಷಗಳೂ ಬಂದು ಕೂಡುತ್ತವೆ. ಹೊತ್ತಿ ಉರಿಯುವ ದೀಪದ ಜ್ವಾಲೆಯನ್ನು ನೋಡಿ ಇದು ಅದೇ ಜ್ವಾಲೆ ಎನ್ನುವಂಥ ಗುರುತಿಸುವಿಕೆಯೇ ಕೌಂಟಿಯ ಅಂಕಿಗಳನ್ನು ಒಂದು ಗೆರೆಯಾಗಿ ಎಳೆಯುತ್ತದೆ. ಉಳಿದುಬಂದಿರುವುದು ಕಾನೂನಿನ ಹೆಸರು, ಗಡಿ ಮತ್ತು ನ್ಯಾಯಾಲಯ. ರಸ್ತೆ ರಿಪೇರಿಗೆ, ಶಾಲೆ ನಡೆಸುವುದಕ್ಕೆ, ತೆರಿಗೆ ಎತ್ತುವುದಕ್ಕೆ ಆ ಹೆಸರೇ ಬೇಕಾದದ್ದು, ಆದ್ದರಿಂದ ಆಡಳಿತದ ಮಟ್ಟಿಗೆ ಈ ಗೆರೆಗೆ ಅರ್ಥವಿದೆ. ಬದುಕುಗಳ ಕಥೆಯಾಗಿ ಓದಿದರೆ ಅರ್ಥವಿಲ್ಲ.

ಪ್ರತಿಯೊಂದು ಅಂದಾಜಿನ ಜೊತೆಗೂ ಬ್ಯೂರೋ ಒಂದು ಅಂತರವನ್ನು ಕೊಡುತ್ತದೆ: ಇದೇ ವಿಧಾನವನ್ನು ಮತ್ತೆ ಮತ್ತೆ ಅನುಸರಿಸಿದರೆ ನೂರರಲ್ಲಿ ಸುಮಾರು ತೊಂಬತ್ತು ಬಾರಿ ನಿಜವಾದ ಬೆಲೆ ಹೀಗೆ ಕಟ್ಟಿದ ಅಂತರದೊಳಗೆ ಇರುತ್ತದೆ ಎಂದು ಅದರ ಅರ್ಥ. ಮಾತನ್ನು ಅದರ ದೃಷ್ಟಿಕೋನದೊಂದಿಗೇ ಹೇಳಬೇಕು, ಯಾವುದೋ ಒಂದು ಅಪೇಕ್ಷೆಯಿಂದ ಹೀಗಿದೆ ಎನ್ನಬೇಕು ಎಂಬ ಜೈನರ ಸ್ಯಾದ್ವಾದಕ್ಕೂ ಇದಕ್ಕೂ ಇರುವ ಸಾಮ್ಯವನ್ನು ಗುರುತಿಸಿದವರು ಭಾರತದಲ್ಲಿ ಸ್ಯಾಂಪಲ್ ಸಮೀಕ್ಷೆಗಳಿಗೆ ತಳಹದಿ ಹಾಕಿದ ಪ್ರಶಾಂತಚಂದ್ರ ಮಹಾಲನೋಬಿಸ್. 1954ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಅವರು ಸಂಖ್ಯಾಶಾಸ್ತ್ರದ ತಳಹದಿಯನ್ನು ಚರ್ಚಿಸುತ್ತ ಸ್ಯಾದ್ವಾದದ ಏಳು ಬಗೆಯ ಹೇಳಿಕೆಗಳಾದ ಸಪ್ತಭಂಗಿಯನ್ನೂ ಅದರಲ್ಲಿ ಬರುವ, ಮಾತಿಗೆ ನಿಲುಕದ್ದು ಎಂಬರ್ಥದ ಅವಕ್ತವ್ಯವನ್ನೂ ಪರಿಶೀಲಿಸಿದರು. ಜೈನ ಆಚಾರ್ಯರಿಗೆ ಸಂಭಾವ್ಯತೆಯ ಗಣಿತ ತಿಳಿದಿತ್ತೆಂದು ಇದರಿಂದ ಹೇಳಹೊರಟರೆ ಅದು ಅತಿಶಯೋಕ್ತಿ. ಆದರೆ ಒಂದು ಅಪೇಕ್ಷೆಯಿಂದ ಎಂಬರ್ಥದ ಸ್ಯಾತ್ ಪದವನ್ನು ಕಳಚಿದ ಕೂಡಲೇ ಮಾತು ಏಕಾಂತವಾಗಿ, ಅಂದರೆ ಒಂದೇ ಕಡೆಯ ಹಟವಾಗಿ ಕೆಡುತ್ತದೆಂಬ ಆ ಆಚಾರ್ಯರ ಎಚ್ಚರ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಪತ್ರಿಕೆಯ ಶೀರ್ಷಿಕೆಗೆ, ಚುನಾವಣೆಯ ಭಾಷಣಕ್ಕೆ, ಕೌಂಟಿಗಳನ್ನು ಬಡತನದ ಶ್ರೇಣಿಯಲ್ಲಿ ನಿಲ್ಲಿಸುವ ಪಟ್ಟಿಗೆ ಏರುವ ಹೊತ್ತಿಗೆ ಅಂತರ ಬಿದ್ದುಹೋಗಿ ಅಂಕಿ ಮಾತ್ರ ಉಳಿದಿರುತ್ತದೆ; ಹತ್ತನೆಯ ಸ್ಥಾನದ ಕೌಂಟಿಗೂ ಮೂವತ್ತನೆಯದಕ್ಕೂ ನಡುವೆ ಅಂತರಗಳ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲದಿರಬಹುದು, ಶ್ರೇಣಿ ಮಾತ್ರ ಖಚಿತವಾಗಿ ಕಾಣುತ್ತದೆ.

ಇಷ್ಟರಿಂದ ಅಂದಾಜನ್ನೇ ತಳ್ಳಿಹಾಕಬೇಕೆಂಬ ಚಾರ್ವಾಕನ ತೀರ್ಮಾನ ಬರುವುದಿಲ್ಲ. ಈ ವರ್ಷ ಲಭ್ಯವಿರುವ ಹಣವನ್ನು ಮೂರು ಸಾವಿರಕ್ಕೂ ಮಿಕ್ಕಿದ ಕೌಂಟಿಗಳ ನಡುವೆ ಹಂಚಬೇಕಾದವರಿಗೆ ಮಾದರಿಯ ಅಂದಾಜೇ ಇರುವುದರಲ್ಲಿ ನ್ಯಾಯವಾದ ಆಧಾರ. ಅದನ್ನು ಬಿಟ್ಟರೆ ಸಿಗುವುದು ಹಳಸಿದ ಗಣತಿ ಅಥವಾ ಕೈಗೆ ಬಂದ ಬೆರಳೆಣಿಕೆಯ ಉತ್ತರಗಳು. ಸ್ವಂತ ಸ್ಯಾಂಪಲಿಗೆ ಕೆಳಮಿತಿಯ ಗೌರವ, ಅಂತರದ ಉಲ್ಲೇಖ, ಬಳಸಿದ ಸಮೀಕ್ಷೆ ಮತ್ತು ಅವಧಿಯ ಹೆಸರು ಈ ಮೂರು ಅದಕ್ಕೆ ಅಂಟಿಕೊಂಡಿರಬೇಕು. ಮೆಕ್‌ಡೊವೆಲ್‌ನ ಜನ ಎಪ್ಪತ್ತು ವರ್ಷಗಳಲ್ಲಿ ಉದ್ಧಾರವಾದರೇ ಹಾಳಾದರೇ ಎಂದು ಕೇಳುವವರಿಗೆ ಮಾತ್ರ ಕೌಂಟಿಯ ಸರಣಿ ಉತ್ತರ ಕೊಡಲಾರದು. ಆ ಪ್ರಶ್ನೆಗೆ ಬೇಕಾದದ್ದು ಊರು ಬಿಟ್ಟವರೂ ಅವರ ಮಕ್ಕಳೂ ಹೋದ ಕಡೆಯಲ್ಲಿ ಗಳಿಸಿದ ಆದಾಯದ ಲೆಕ್ಕ, ಮತ್ತು ಬ್ಯೂರೋದ ಕೌಂಟಿವಾರು ಪಟ್ಟಿಗಳಲ್ಲಿ ಅವರ ಮನೆಗಳು ಸೇರಿರುವುದು ಅವರು ಈಗ ನೆಲೆಸಿರುವ ಕೌಂಟಿಯ ಲೆಕ್ಕಕ್ಕೆ.